ಹೆಪಟೈಟಿಸ್ ಬಿ, ಸಿ ಕಾರ್ಡ್ ಕಿಟ್: ಕೊಡಗಿನ ತೋಟದ ಶಿಬಿರಕ್ಕೆ ಒಗ್ಗುತ್ತದೆಯೇ?

ಇದು ಯಾವುದೋ ಒಂದು ಕಂಪನಿಯ ಕಿಟ್‌ನ ವಿಮರ್ಶೆಯಲ್ಲ. ಬೆರಳ ತುದಿಯ ರಕ್ತದಿಂದ ಯಕೃತ್ತಿನ ವೈರಸ್ ರೋಗಗಳಾದ ಹೆಪಟೈಟಿಸ್ ಬಿ ಮತ್ತು ಸಿ ಸೋಂಕು ಹುಡುಕುವ ಕಾರ್ಡುಗಳು ಹೆಸರು ಬೇರೆಯಾದರೂ ಒಳಗೆ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಕಾಫಿ ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ, ಆದಿವಾಸಿಗಳ ಹಾಡಿಗಳಲ್ಲಿ ಆರೋಗ್ಯ ಶಿಬಿರ ಮಾಡುವವರು ಇವನ್ನು ಕೊಳ್ಳುವ ಮುನ್ನ ಏನು ನೋಡಬೇಕು, ಬಳಸುವಾಗ ಎಲ್ಲಿ ಎಡವುತ್ತಾರೆ ಎಂಬುದಷ್ಟೇ ಇಲ್ಲಿನ ವಿಚಾರ. ನಮ್ಮ ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ: ಕಾರ್ಡ್ ಒಳ್ಳೆಯದು, ಕೊಡಗಿನ ಹವೆಯಲ್ಲಿ ಅದನ್ನು ಇಟ್ಟುಕೊಳ್ಳುವ ಮತ್ತು ಓದುವ ರೀತಿಯೇ ಸಾಮಾನ್ಯವಾಗಿ ಕೆಟ್ಟದು.

ಕೊಳ್ಳುವಾಗಿನ ದೊಡ್ಡ ಮೋಸ ಪೆಟ್ಟಿಗೆಯ ಸಣ್ಣ ಅಕ್ಷರದಲ್ಲಿದೆ. ಅಗ್ಗಕ್ಕೆ ಸಿಗುವ ಎಷ್ಟೋ ಬಿ ಕಾರ್ಡುಗಳು ಸೀರಮ್ ಅಥವಾ ಪ್ಲಾಸ್ಮಾಕ್ಕೆ ಮಾತ್ರ. ಅಂದರೆ ರಕ್ತವನ್ನು ಟ್ಯೂಬಿನಲ್ಲಿ ತೆಗೆದು, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲಿನ ತಿಳಿಯನ್ನು ಹಾಕಬೇಕು. ಕರೆಂಟ್ ಇಲ್ಲದ ಲೈನ್ ಮನೆಯ ಜಗಲಿಯಲ್ಲಿ ಅದು ಆಗುವ ಮಾತಲ್ಲ. ಆಮೇಲೆ ಬೆರಳ ರಕ್ತವನ್ನೇ ನೇರವಾಗಿ ಸುರಿದರೆ ಕೆಂಪು ಕಣಗಳು ಕಾರ್ಡಿನೊಳಗಿನ ಪಟ್ಟಿಯಲ್ಲಿ ಸಿಕ್ಕಿಕೊಂಡು ಕಿಟಕಿಯಿಡೀ ಕೆಂಪಾಗುತ್ತದೆ, ಗೆರೆ ಇದ್ದರೂ ಕಾಣುವುದಿಲ್ಲ. ‘ಹೋಲ್ ಬ್ಲಡ್’ ಎಂದು ಸ್ಪಷ್ಟವಾಗಿ ಬರೆದಿರುವುದನ್ನೇ ತರಿಸಿ. ಅವಧಿ ಮುಗಿಯುವ ದಿನಾಂಕದ ಜೊತೆಗೆ ಬಫರ್ (ರಕ್ತದ ಮೇಲೆ ಹಾಕುವ ದ್ರವ) ಬಾಟಲಿಯ ಲಾಟ್, ಅಂದರೆ ತಯಾರಿಕೆಯ ಕಂತಿನ, ಸಂಖ್ಯೆಯನ್ನೂ ನೋಡಿ. ಒಂದು ಲಾಟ್‌ನ ಬಫರ್ ಇನ್ನೊಂದು ಲಾಟ್‌ನ ಕಾರ್ಡಿಗೆ ಹಾಕಬಾರದು. ಶಿಬಿರದ ಗಡಿಬಿಡಿಯಲ್ಲಿ ಇದು ಆಗಿಬಿಡುತ್ತದೆ.

ಬಿ ಕಾರ್ಡ್ ಹುಡುಕುವುದು ವೈರಸ್ಸಿನ ಹೊರಮೈಯ ಪ್ರೋಟೀನನ್ನು. ಬರೂಕ್ ಬ್ಲಂಬರ್ಗ್ 1960ರ ದಶಕದಲ್ಲಿ ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ‘ಆಸ್ಟ್ರೇಲಿಯಾ ಆಂಟಿಜೆನ್’ ಎಂಬುದು ಇದೇ. ಪಟ್ಟಿಯ ಬುಡದಲ್ಲಿ ಸೂಕ್ಷ್ಮ ಬಂಗಾರದ ಕಣಗಳಿಗೆ ಅಂಟಿಸಿದ ಪ್ರತಿಕಾಯಗಳಿರುತ್ತವೆ. ರಕ್ತದಲ್ಲಿ ಆಂಟಿಜೆನ್ ಇದ್ದರೆ ಅದನ್ನು ಹಿಡಿದುಕೊಂಡು ಮೇಲಕ್ಕೆ ಹರಿದು ‘ಟಿ’ ಗೆರೆಯಲ್ಲಿ ನಿಂತು ಕೆಂಪಾಗುತ್ತವೆ. ಸಿ ಕಾರ್ಡ್ ಹಾಗಲ್ಲ. ಅದು ಹುಡುಕುವುದು ವೈರಸ್ಸನ್ನಲ್ಲ, ನಮ್ಮ ದೇಹ ಅದರ ವಿರುದ್ಧ ಮಾಡಿಕೊಂಡ ಪ್ರತಿಕಾಯವನ್ನು. ಎರಡು ಕಾರ್ಡೂ ನೋಡಲು ಒಂದೇ ಥರ ಇರುವುದರಿಂದ ಫಲಿತಾಂಶಕ್ಕೂ ಒಂದೇ ಅರ್ಥ ಎಂದುಕೊಳ್ಳುವವರು ಬಹಳ. ಸಿ ಕಾರ್ಡಿನಲ್ಲಿ ಗೆರೆ ಬಂದವರಲ್ಲಿ ಒಂದಷ್ಟು ಜನರ ದೇಹ ಯಾವತ್ತೋ ತಾನಾಗಿಯೇ ವೈರಸ್ಸನ್ನು ಹೊರಹಾಕಿರುತ್ತದೆ. ಔಷಧಿ ತೆಗೆದುಕೊಂಡು ಪೂರ್ತಿ ಗುಣವಾದವರಲ್ಲೂ ಆ ಗೆರೆ ಜೀವಮಾನವಿಡೀ ಬರಬಹುದು. ಹಾಗಾಗಿ ಸಿ ಕಾರ್ಡಿನಲ್ಲಿ ‘ಟಿ’ ಗೆರೆ ಬಂದರೆ ಮುಂದಿನದು ವೈರಸ್ ಈಗಲೂ ರಕ್ತದಲ್ಲಿದೆಯೇ ಎಂದು ನೋಡುವ ಆರ್‌ಎನ್‌ಎ ಪರೀಕ್ಷೆ, ಔಷಧಿಯಲ್ಲ. ಟಿಬಿಗೆ ಬಳಸುವ ಜೀನ್‌ಎಕ್ಸ್‌ಪರ್ಟ್ ಯಂತ್ರದಲ್ಲೇ ಬೇರೆ ಕಾರ್ಟ್ರಿಡ್ಜ್ ಹಾಕಿ ಅದನ್ನು ಮಾಡಬಹುದು.

ಇನ್ನು ಹವೆ. ಕಾರ್ಡಿನ ಕವರಿನ ಮೇಲೆ ಸಾಮಾನ್ಯವಾಗಿ 2ರಿಂದ 30 ಡಿಗ್ರಿ ಸೆಲ್ಸಿಯಸ್ ಎಂದಿರುತ್ತದೆ. ಮಡಿಕೇರಿಯಲ್ಲಿ ಬಿಸಿಲಿನ ಭಯ ಕಡಿಮೆ, ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಇಡದಿದ್ದರೆ ಸಾಕು. ಇಲ್ಲಿನ ಶತ್ರು ತೇವ. ಆಷಾಢದ ಮಳೆಯಲ್ಲಿ ಗೋಡೆಯೇ ಬೆವರುವ ಕೋಣೆಯಲ್ಲಿ ಕವರನ್ನು ಹರಿದಿಟ್ಟರೆ ಪಟ್ಟಿ ಗಾಳಿಯ ನೀರನ್ನೇ ಹೀರಿಕೊಳ್ಳುತ್ತದೆ. ರಕ್ತ ಹಾಕಿದಾಗ ಹರಿವು ನಿಧಾನವಾಗುತ್ತದೆ, ಗೆರೆ ಮಸುಕಾಗುತ್ತದೆ ಇಲ್ಲವೇ ಬರುವುದೇ ಇಲ್ಲ. ಸಮಯ ಉಳಿಸಲೆಂದು ಬೆಳಿಗ್ಗೆಯೇ ಎಲ್ಲ ಕವರುಗಳನ್ನೂ ಹರಿದು ಮೇಜಿನ ಮೇಲೆ ಸಾಲಾಗಿ ಜೋಡಿಸುವ ಅಭ್ಯಾಸ ಇದೆಯಲ್ಲ, ಮಳೆಗಾಲದ ಕೊಡಗಿನಲ್ಲಿ ಅದಕ್ಕಿಂತ ಕೆಟ್ಟ ಅಭ್ಯಾಸ ಇನ್ನೊಂದಿಲ್ಲ. ಜನ ಎದುರು ಕೂತ ಮೇಲೆ ಅವರ ಕಾರ್ಡನ್ನು ಬಿಚ್ಚಿ. ಕವರಿನೊಳಗಿನ ಸಿಲಿಕಾ ಪೊಟ್ಟಣ ಹರಿದಿದ್ದರೆ, ಬಣ್ಣ ಬದಲಾಗುವ ಜಾತಿಯದಾಗಿದ್ದು ಬಣ್ಣ ತಿರುಗಿದ್ದರೆ, ಕಾರ್ಡನ್ನು ಎಸೆಯಿರಿ.

ಚಳಿಯದು ಬೇರೆ ತಾಪತ್ರಯ. ಕೊಯ್ಲಿನ ಕಾಲದ ಮುಂಜಾನೆ ಫ್ರಿಜ್‌ನಿಂದ ತೆಗೆದ ಪೆಟ್ಟಿಗೆಯನ್ನು ನೇರ ಮೇಜಿಗೆ ತಂದರೆ ತಣ್ಣನೆಯ ಕಾರ್ಡಿನ ಮೇಲೆ ಹನಿ ಕಟ್ಟುತ್ತದೆ, ಒಳಗಿನ ಕ್ರಿಯೆಯೂ ಮಂದವಾಗುತ್ತದೆ. ಕವರ್ ಬಿಚ್ಚದೆಯೇ ಅರ್ಧ ಗಂಟೆ ಕೋಣೆಯ ಶಾಖಕ್ಕೆ ಬಿಡಬೇಕು. ಬಫರಿಗೂ ಅದೇ ನಿಯಮ.

ಮಾಡುವ ಕ್ರಮ ಸುಲಭ, ಆದರೆ ಒಂದು ಹೆಜ್ಜೆಯನ್ನೂ ಹಾರುವಂತಿಲ್ಲ. ಕಾರ್ಡಿನ ಮೇಲೆ ಮಾರ್ಕರ್‌ನಿಂದ ವ್ಯಕ್ತಿಯ ಸಂಖ್ಯೆ ಬರೆಯಿರಿ, ಹೆಸರಲ್ಲ. ಉಂಗುರ ಬೆರಳಿನ ಪಕ್ಕಕ್ಕೆ ಸ್ಪಿರಿಟ್ ಹಚ್ಚಿ ಪೂರ್ತಿ ಒಣಗಲು ಬಿಡಿ. ಒದ್ದೆ ಸ್ಪಿರಿಟ್ ರಕ್ತದ ಕಣಗಳನ್ನು ಒಡೆಯುತ್ತದೆ. ಕಾಫಿ ಹಣ್ಣು ಕೊಯ್ದು ಬಂದ ಕೈಯ ಅಂಟು ಸ್ಪಿರಿಟ್‌ಗೆ ಹೋಗುವುದಿಲ್ಲ, ಮೊದಲು ಸೋಪು, ಬಿಸಿನೀರು. ಒಬ್ಬರಿಗೆ ಒಂದೇ ಲ್ಯಾನ್ಸೆಟ್ (ಬೆರಳು ಚುಚ್ಚುವ ಸೂಜಿ). ಒತ್ತಿ ಎಸೆಯುವ, ಮತ್ತೆ ಬಳಸಲಾಗದ ಜಾತಿಯದು. ಮೊದಲ ಹನಿಯನ್ನು ಹತ್ತಿಯಲ್ಲಿ ಒರೆಸಿ, ಎರಡನೆಯ ಹನಿಯನ್ನು ಕಿಟ್‌ನ ನಳಿಕೆಯ ಗುರುತಿನವರೆಗೆ ಗುಳ್ಳೆ ಇಲ್ಲದಂತೆ ಏರಿಸಿ. ಬೆರಳನ್ನು ಹಿಂಡಿದರೆ ಮಾಂಸದ ನೀರು ಬೆರೆತು ರಕ್ತ ತೆಳುವಾಗುತ್ತದೆ. ಕಾರ್ಡಿನ ಸಣ್ಣ ಕುಳಿಗೆ ರಕ್ತ, ಅದರ ಮೇಲೆ ಕಿಟ್‌ನ ಸೂಚನಾ ಚೀಟಿಯಲ್ಲಿ ಹೇಳಿದಷ್ಟೇ ಹನಿ ಬಫರ್, ಬಾಟಲಿ ನೆಟ್ಟಗೆ ಹಿಡಿದು. ಹಾಕಿದ ಹೊತ್ತನ್ನು ಕಾರ್ಡಿನ ಮೇಲೆಯೇ ಬರೆಯಿರಿ.

ಓದುವುದು ಹೆಚ್ಚಿನ ಕಿಟ್‌ಗಳಲ್ಲಿ 15ರಿಂದ 20 ನಿಮಿಷದೊಳಗೆ. ನಿಮ್ಮ ಕಿಟ್‌ನ ಚೀಟಿ ಬೇರೆ ಹೇಳಿದರೆ ಅದೇ ಸರಿ. ಐದೇ ನಿಮಿಷಕ್ಕೆ ‘ಇಲ್ಲ’ ಎಂದು ಕಳಿಸುವುದು, ಊಟ ಮುಗಿಸಿ ಬಂದು ಒಣಗಿದ ಕಾರ್ಡಿನಲ್ಲಿ ಗೆರೆ ಹುಡುಕುವುದು, ಎರಡೂ ತಪ್ಪು. ಒಣಗುವಾಗ ಮೂಡುವ ಬೂದು ನೆರಳು ಫಲಿತಾಂಶವಲ್ಲ. ಹೊತ್ತಿನೊಳಗೆ ಬಂದ ಕೆಂಪು ಗೆರೆ ಎಷ್ಟೇ ತೆಳುವಾಗಿದ್ದರೂ ಪಾಸಿಟಿವ್ ಎಂದೇ ಬರೆದು ಲ್ಯಾಬ್‌ಗೆ ಕಳಿಸಬೇಕು. ಗೆರೆಯ ಗಾಢತೆ ನೋಡಿ ‘ಸ್ವಲ್ಪ ಇದೆ’, ‘ಜಾಸ್ತಿ ಇದೆ’ ಎನ್ನುವುದಕ್ಕೆ ಅರ್ಥವಿಲ್ಲ. ಆಂಟಿಜೆನ್ ಮಿತಿಮೀರಿ ತುಂಬಿದಾಗಲೂ ಕೆಲವು ಕಾರ್ಡುಗಳಲ್ಲಿ ಗೆರೆ ಮಸುಕಾಗಿಯೇ ಬರುತ್ತದೆ. ‘ಸಿ’ ಅಕ್ಷರದ ಕಂಟ್ರೋಲ್ ಗೆರೆಯನ್ನೂ ಅತಿಯಾಗಿ ನಂಬಬೇಡಿ. ದ್ರವ ಹರಿದಿದೆ ಎಂದಷ್ಟೇ ಅದು ಹೇಳುತ್ತದೆ. ಬರೀ ಬಫರ್ ಹಾಕಿ ರಕ್ತ ಹಾಕುವುದನ್ನೇ ಮರೆತರೂ ಎಷ್ಟೋ ಕಾರ್ಡುಗಳಲ್ಲಿ ಅದು ಬರುತ್ತದೆ. ಇದಕ್ಕೇ ಹೊಸ ಪೆಟ್ಟಿಗೆ ಬಿಚ್ಚಿದ ದಿನ ಲ್ಯಾಬ್‌ನಿಂದ ತಂದ ಒಂದು ಪಾಸಿಟಿವ್, ಒಂದು ನೆಗೆಟಿವ್ ಮಾದರಿ ಹಾಕಿ ನೋಡುವುದು. ಎರಡು ಕಾರ್ಡ್ ದಂಡ ಎಂದು ಗೊಣಗುವವರಿರುತ್ತಾರೆ. ಗೊಣಗಲಿ.

ಕಾರ್ಡಿನ ಮಿತಿಯನ್ನೂ ಒಪ್ಪಿಕೊಳ್ಳಬೇಕು. ಲ್ಯಾಬ್‌ನಲ್ಲಿ ಮಾಡುವ ಎಲಿಸಾ ರಕ್ತಪರೀಕ್ಷೆಯಷ್ಟು ಸೂಕ್ಷ್ಮ ಇದಲ್ಲ. ಸೋಂಕು ತಗುಲಿದ ಮೊದಲ ವಾರಗಳಲ್ಲಿ ಎರಡು ಕಾರ್ಡೂ ಖಾಲಿ ತೋರಿಸುತ್ತವೆ, ಸಿ ಕಾರ್ಡಿನಲ್ಲಿ ‘ಟಿ’ ಗೆರೆ ಬರಲು ಎರಡು ಮೂರು ತಿಂಗಳೇ ಹಿಡಿಯಬಹುದು. ಇನ್ನೊಂದು ಎಡವಟ್ಟು ಶಿಬಿರದವರೇ ತಂದುಕೊಳ್ಳುವುದು: ಲಸಿಕೆ ಮೊದಲು, ಪರೀಕ್ಷೆ ಆಮೇಲೆ. ಬಿ ಲಸಿಕೆಯಲ್ಲಿರುವುದೂ ಅದೇ ಹೊರಮೈ ಪ್ರೋಟೀನು. ಚುಚ್ಚಿದ ಮೇಲೆ ಎರಡು ಮೂರು ವಾರದವರೆಗೆ ಅದು ರಕ್ತದಲ್ಲಿ ಸಿಕ್ಕು ಆರೋಗ್ಯವಂತರನ್ನೂ ಪಾಸಿಟಿವ್ ಎಂದು ತೋರಿಸಬಹುದು. ಒಂದೇ ದಿನ ಎರಡೂ ಮಾಡುವುದಾದರೆ ಬೆರಳ ರಕ್ತ ಮೊದಲು.

ಈ ಕಾರ್ಡನ್ನು ಅತಿ ಹೆಚ್ಚು ದುರುಪಯೋಗ ಮಾಡುವುದು ಮಳೆಗಾಲದ ಕಾಮಾಲೆಗೆ. ಕಣ್ಣು ಹಳದಿಯಾಗಿ ಬಂದವರಿಗೆ ಬಿ ಕಾರ್ಡ್ ಹಾಕಿ, ನೆಗೆಟಿವ್ ಬಂತೆಂದು ‘ಏನೂ ಇಲ್ಲ’ ಎನ್ನುವುದು ಅಪಾಯದ ಮಾತು. ತೋಡಿನ ನೀರು ಬಾವಿಗೆ ಸೇರುವ ಕಾಲದಲ್ಲಿ ಹೆಪಟೈಟಿಸ್ ಎ, ಇ ಎರಡೂ ಸಾಧ್ಯ. ಅವಕ್ಕೆ ಹೊಸ ಸೋಂಕಿನ ಪ್ರತಿಕಾಯ ಹುಡುಕುವ ಐಜಿಎಂ ಪರೀಕ್ಷೆಯೇ ಬೇರೆ. ಗರ್ಭಿಣಿಗೆ ಕೊನೆಯ ಮೂರು ತಿಂಗಳಲ್ಲಿ ಇ ಬಂದರೆ ಪ್ರಾಣಕ್ಕೇ ಕುತ್ತು, ಆಸ್ಪತ್ರೆ ಬಿಟ್ಟು ಬೇರೆ ಯೋಚನೆ ಬೇಡ. ಗದ್ದೆ, ತೋಟದ ಕೆಸರಲ್ಲಿ ಕೆಲಸ ಮಾಡಿದವರಿಗೆ ಜ್ವರ, ಮೀನಖಂಡದ ನೋವು, ಕೆಂಪಾದ ಕಣ್ಣು, ಜೊತೆಗೆ ಕಾಮಾಲೆ ಎಂದರೆ ಮೊದಲು ನೆನಪಾಗಬೇಕಾದ್ದು ಇಲಿ ಜ್ವರ. ಅದು ಬ್ಯಾಕ್ಟೀರಿಯಾದ್ದು, ಸಕಾಲಕ್ಕೆ ಆಂಟಿಬಯೋಟಿಕ್ ಸಿಕ್ಕರೆ ವಾಸಿಯಾಗುತ್ತದೆ, ತಡವಾದರೆ ಮೂತ್ರಪಿಂಡ ಹೋಗಬಹುದು.

ಕಾಮಾಲೆ ಎಂದರೆ ನೆಲನೆಲ್ಲಿ ಎನ್ನುವುದು ನಮ್ಮ ಕಡೆ ಇದ್ದದ್ದೇ. 1988ರಲ್ಲಿ ಮದ್ರಾಸಿನ ಸಂಶೋಧಕರು ಆ ಗಿಡ ಕೊಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ರಕ್ತದಿಂದ ಬಿ ಆಂಟಿಜೆನ್ ಮಾಯವಾಯಿತೆಂದು ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದ್ದರು. ಆಮೇಲೆ ಬೇರೆಡೆ ನಡೆದ ಪ್ರಯೋಗಗಳಲ್ಲಿ ಆ ಫಲ ಮರುಕಳಿಸಲಿಲ್ಲ. ಎ, ಇ ಕಾಮಾಲೆ ಬಹುತೇಕರಲ್ಲಿ ಕೆಲವು ವಾರಕ್ಕೆ ತಾನಾಗಿಯೇ ಇಳಿಯುವುದರಿಂದ ಕೀರ್ತಿ ಕಷಾಯಕ್ಕೆ ಸೇರುತ್ತದೆ.

ಗೆರೆ ಬಂದವರನ್ನು ಏನು ಮಾಡುತ್ತೀರಿ ಎಂಬುದಕ್ಕೆ ಉತ್ತರವಿಲ್ಲದೆ ಕಾರ್ಡ್ ಕೊಳ್ಳಬೇಡಿ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಬಿ, ಸಿ ಎರಡರ ಪರೀಕ್ಷೆ, ಔಷಧಿ ಉಚಿತ. ಶಿಬಿರಕ್ಕೆ ಮೊದಲೇ ಜಿಲ್ಲಾ ಆರೋಗ್ಯ ಕಚೇರಿಯಲ್ಲಿ ಕೇಳಿ ಎಲ್ಲಿಗೆ, ಯಾವ ದಿನ ಕಳಿಸಬೇಕೆಂದು ಬರೆದುಕೊಂಡಿರಿ. ಸಿ ಖಚಿತವಾದರೆ, ಯಕೃತ್ತು ಗಂಟುಗಟ್ಟಿರದಿದ್ದರೆ, ಸೊಫೊಸ್ಬುವಿರ್ 400 ಮಿಲಿಗ್ರಾಂ ಮತ್ತು ಡಕ್ಲಟಾಸ್ವಿರ್ 60 ಮಿಲಿಗ್ರಾಂ ದಿನಕ್ಕೊಮ್ಮೆ 12 ವಾರ. ಬಹುಪಾಲು ಜನ ಪೂರ್ತಿ ಗುಣವಾಗುತ್ತಾರೆ. ಬಿ ಹಾಗಲ್ಲ. ಆರು ತಿಂಗಳ ನಂತರವೂ ಆಂಟಿಜೆನ್ ಉಳಿದರೆ ಅದು ದೀರ್ಘಕಾಲದ ಸೋಂಕು. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ, ಬೇಕಾದವರು ವರ್ಷಗಟ್ಟಲೆ ಟೆನೊಫೊವಿರ್ ನುಂಗಬೇಕು, ವೈದ್ಯರನ್ನು ಕೇಳದೆ ನಿಲ್ಲಿಸಿದರೆ ರೋಗ ಒಮ್ಮೆಲೇ ಕೆರಳಬಹುದು. ಮನೆಯವರ ಪರೀಕ್ಷೆಯೂ ಇದರಲ್ಲೇ ಸೇರಿದ್ದು.

ಫಲಿತಾಂಶ ತೋಟದ ಹಾಜರಿ ಬರೆಯುವ ರೈಟರ್ ಕೈಗೆ ಹೋಗಕೂಡದು. ಹಾಜರಿ ಪುಸ್ತಕದ ಪಕ್ಕದಲ್ಲೇ ಗೆರೆ ಬಂದವರ ಪಟ್ಟಿ ಇಟ್ಟರೆ ಮರುದಿನ ಅವರಿಗೆ ಕೆಲಸ ಇರುವುದಿಲ್ಲ. ಬಿ, ಸಿ ಎರಡೂ ಒಟ್ಟಿಗೆ ಊಟ ಮಾಡಿದರೆ, ಒಂದೇ ಲೋಟದಲ್ಲಿ ಕುಡಿದರೆ ಬರುವುದಿಲ್ಲ. ರಕ್ತ, ಅಸುರಕ್ಷಿತ ಲೈಂಗಿಕ ಸಂಪರ್ಕ, ಹೆರಿಗೆ, ಒಂದೇ ಬ್ಲೇಡು, ಒಂದೇ ಸೂಜಿ, ದಾರಿಗಳು ಇವು. ಬಿ ವೈರಸ್ ಒಣಗಿದ ರಕ್ತದಲ್ಲಿ ಕನಿಷ್ಠ ಏಳು ದಿನ ಬದುಕಿರುತ್ತದೆ, ಆದ್ದರಿಂದ ಲೈನಿನಲ್ಲಿ ಕೈಯಿಂದ ಕೈಗೆ ಓಡಾಡುವ ಶೇವಿಂಗ್ ಸೆಟ್ಟಿನ ಬಗ್ಗೆ ಹೇಳಲೇಬೇಕು.

ಕಾರ್ಡ್ ಖಾಲಿ ಬಂದ, ಹಿಂದೆ ಲಸಿಕೆ ಆಗಿರದ ವಯಸ್ಕರಿಗೆ ಬಿ ಲಸಿಕೆ ಮೂರು ಡೋಸ್: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ, ತೋಳಿನ ಮೇಲ್ಭಾಗದ ಸ್ನಾಯುವಿಗೆ. ಡಿಸೆಂಬರಿನಲ್ಲಿ ಕೊಯ್ಲಿಗೆ ಬಂದವರು ಮಾರ್ಚ್ ಹೊತ್ತಿಗೆ ಅಸ್ಸಾಮಿಗೋ ಬೇರೆ ಕಡೆಗೋ ಹೊರಟಿರುತ್ತಾರೆ. ಹಾಗಾಗಿ ಶಿಬಿರವನ್ನು ಕೊಯ್ಲಿನ ಆರಂಭದಲ್ಲೇ, ಸಂತೆಯಲ್ಲದ ದಿನ, ಸಂಜೆ ಹಣ್ಣು ತೂಕವಾದ ಮೇಲೆ ಇಟ್ಟುಕೊಂಡರೆ ಹೊರಡುವ ಮುನ್ನ ಎರಡು ಡೋಸ್ ಮುಗಿಯುತ್ತದೆ. ತಾರೀಕು ಬರೆದ ಚೀಟಿಯನ್ನು ಅವರ ಕೈಗೇ ಕೊಡಿ. ಮೂರನೆಯದು ಆರು ತಿಂಗಳು ದಾಟಿ ತಡವಾದರೂ ಮೊದಲಿನಿಂದ ಶುರು ಮಾಡಬೇಕಿಲ್ಲ, ಹೋದ ಊರಿನಲ್ಲೇ ಹಾಕಿಸಿಕೊಳ್ಳಬಹುದು.