ವೋಟು ಗುಬ್ಬಿಯಲ್ಲೇ ಇರಲಾ, ಬೆಂಗಳೂರಿಗೆ ಬರಲಾ?

ತುಮಕೂರು ಜಿಲ್ಲೆಯ ಗುಬ್ಬಿಯಂಥ ಊರಿಂದ ಬಂದು ಬೆಂಗಳೂರಲ್ಲಿ ಕೆಲಸಕ್ಕಿರುವವರ ಮಾಮೂಲಿ ಗೊಂದಲ ಇದು. ಮತದಾರರ ಪಟ್ಟಿಯಲ್ಲಿ ಎರಡೂ ಕಡೆ ಹೆಸರಿಟ್ಟುಕೊಳ್ಳುವ ಹಾಗಿಲ್ಲ.

ಊರಲ್ಲಿ ವೋಟು ಹಾಕೋಕೆ ಯಾರೂ ಹುರಿದುಂಬಿಸಬೇಕಾಗಿಲ್ಲ. ಬಸ್ಸಿಳಿದರೆ ಸಾಕು, ಟೀ ಅಂಗಡಿಯಲ್ಲಿ ‘ಏನಪ್ಪಾ, ವೋಟಿಗೆ ಬಂದ್ಯಾ?’ ಅನ್ನುತ್ತಾರೆ. ನಾವು ಓದಿದ ಶಾಲೆಯೇ ಮತಗಟ್ಟೆ. ಪಂಚಾಯ್ತಿ ಚುನಾವಣೆ ಬಂದರಂತೂ ಇನ್ನೂ ಜೋರು. ನಿಂತವರು ಪಕ್ಕದ ಬೀದಿಯವರು, ಗೆಲುವು ಎಷ್ಟೋ ಸಲ ಬೆರಳೆಣಿಕೆ ವೋಟಲ್ಲಿ. ಸಮ ಬಂದರೆ ಚೀಟಿ ಎತ್ತುತ್ತಾರೆ! ಒಂದು ವೋಟಿನ ಬೆಲೆ ಅಲ್ಲಿ ಕಣ್ಣಿಗೇ ಕಾಣುತ್ತದೆ. ಆದರೆ ‘ನಮ್ಮೋರಿಗೇ ಹಾಕು’ ಅನ್ನೋ ಮನೆಯವರ ಕಾಟವೂ ಜಾಸ್ತಿ. ಜೊತೆಗೆ ರಜೆಯ ಲೆಕ್ಕ: 2023ರ ವಿಧಾನಸಭೆ ಮತದಾನ ಮೇ 10, ಬುಧವಾರ. ವಾರದ ಮಧ್ಯೆ ಹೋಗಿ ಬರೋದು ಸುಮ್ನೆ ಮಾತಲ್ಲ.

ಬೆಂಗಳೂರಲ್ಲಿ ಕೇಳೋರೇ ಇಲ್ಲ. ಅಭ್ಯರ್ಥಿಯ ಮುಖ ಫ್ಲೆಕ್ಸಲ್ಲಿ ನೋಡಿದ್ದಷ್ಟೇ. 2015ರಲ್ಲಿ ಗೆದ್ದ ಪಾಲಿಕೆ ಸದಸ್ಯರ ಅವಧಿ 2020ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಉತ್ಸಾಹ ಎಲ್ಲಿಂದ ಬರಬೇಕು? ಆದರೂ ದಿನಾ ಕಾಡುವ ನೀರು, ಗುಂಡಿ, ಕಸ ಇಲ್ಲಿಯದೇ ಅಲ್ವಾ?

ಸಾಮಾನ್ಯವಾಗಿ ವಾಸವಿರುವ ಕಡೆ ಹೆಸರಿರಬೇಕು ಅನ್ನುತ್ತದೆ ಕಾನೂನು. ಕೆಲವು ತಿಂಗಳಿಗೆ ಪಿಜಿಗೆ ಬಂದವರು ಊರಲ್ಲೇ ಬಿಡಿ. ಬಾಡಿಗೆ ಮನೆ ಮಾಡಿ ನೆಲೆ ನಿಂತವರು ಬೆಂಗಳೂರಿಗೆ ತನ್ನಿ. ಅದಕ್ಕೆ ಫಾರಂ 8. ಫಾರಂ 6 ಮೊದಲ ಸಲ ಹೆಸರು ಸೇರಿಸುವವರಿಗೆ. ಅನುಮಾನ ಇದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ.