ಕ್ರುಸೇಡರ್ ಕಿಂಗ್ಸ್ 3: ಹೇಸ್ಟಿಂಗ್ಸ್ ಗೆದ್ದ ಮೇಲೆ ಶುರುವಾಗುವ ಆಟ

2020ರಲ್ಲಿ ಬಂದ, ಮಧ್ಯಯುಗದ ರಾಜವಂಶವನ್ನು ಮುನ್ನಡೆಸುವ ಈ ಕಂಪ್ಯೂಟರ್ ಗೇಮ್‌ನಲ್ಲಿ 1066ರ ನಾರ್ಮಂಡಿ ಡ್ಯೂಕ್ ವಿಲಿಯಂನನ್ನು ಆರಿಸಿಕೊಂಡವರು ಹೇಸ್ಟಿಂಗ್ಸ್ ಯುದ್ಧದಲ್ಲಿ ಇಂಗ್ಲೆಂಡಿನ ರಾಜ ಹೆರಾಲ್ಡ್‌ನನ್ನು ಸೋಲಿಸುವ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತಾರೆ. ಆ ಯುದ್ಧ ಅಷ್ಟೇನೂ ಕಷ್ಟವಲ್ಲ. ಕಿರೀಟ ಸಿಕ್ಕಿದ ಮೇಲಿನ ಹತ್ತು ವರ್ಷಗಳೇ ಇದರ ಜೀವಾಳ.

ಗೆದ್ದಾಗ ಖಜಾನೆ ಬರಿದಾಗಿರುತ್ತದೆ. ಸಾಮಂತರು ಬಹುತೇಕ ಆಂಗ್ಲೋ-ಸ್ಯಾಕ್ಸನ್ನರು, ಹೊಸ ದೊರೆಯನ್ನು ಕಂಡರೆ ಆಗದವರು. ಗೆದ್ದ ಕೌಂಟಿಗಳಲ್ಲಿ ‘ಕಂಟ್ರೋಲ್’ (ರಾಜನ ಹಿಡಿತ) ಕುಸಿದಿರುವುದರಿಂದ ತೆರಿಗೆಯೂ ಕಡಿಮೆ, ಸೈನಿಕರೂ ಕಡಿಮೆ. ಹಾಗಾಗಿ ಸೇನೆ ನೋಡಿಕೊಳ್ಳುವ ಮಂತ್ರಿ ಮಾರ್ಷಲ್‌ಗೆ ಮೊದಲು ಕಂಟ್ರೋಲ್ ಏರಿಸುವ ಕೆಲಸವನ್ನೇ ಕೊಡಿ. ಸಾಮಂತರಾದ ಇಂಗ್ಲಿಷ್ ಅರ್ಲ್‌ಗಳ ಪದವಿ ಕಿತ್ತು ನಾರ್ಮನ್ನರಿಗೆ ಹಂಚುವ ಆಸೆ ಎಲ್ಲರಿಗೂ ಬರುತ್ತದೆ, ಆಟ ಕೆಡುವುದೂ ಅಲ್ಲೇ. ಕಾರಣವಿಲ್ಲದೆ ಕಿತ್ತುಕೊಂಡರೆ ‘ಟೈರನಿ’ (ದಬ್ಬಾಳಿಕೆಯ ಅಂಕ) ಏರುತ್ತದೆ, ಅಲ್ಲಿಯವರೆಗೆ ಸುಮ್ಮನಿದ್ದವರೂ ತಿರುಗಿಬೀಳುತ್ತಾರೆ.

ಕಣ್ಣಿಡಬೇಕಾದದ್ದು ಫ್ಯಾಕ್ಷನ್ (ನಿಮ್ಮ ವಿರುದ್ಧ ಒಟ್ಟಾದ ಸಾಮಂತರ ಬಣ) ಪರದೆಯ ಮೇಲೆ. ಬಣದ ಸೈನ್ಯಬಲ ನಿಮ್ಮ ಬಲದ ಶೇ. 80ರಷ್ಟನ್ನು ದಾಟಿದರೆ ಅಸಮಾಧಾನದ ಪಟ್ಟಿ ತುಂಬತೊಡಗುತ್ತದೆ. ಆ ಪಟ್ಟಿ 100 ಮುಟ್ಟಿದರೆ ಬೇಡಿಕೆ ಬರುತ್ತದೆ, ಒಪ್ಪದಿದ್ದರೆ ದಂಗೆ. ಬಣದ ದೊಡ್ಡ ಸಾಮಂತನೊಬ್ಬನ ಮನೆಗೆ ಮಗಳನ್ನೋ ಮಗನನ್ನೋ ಕೊಟ್ಟು ಮೈತ್ರಿ ಮಾಡಿಕೊಂಡರೆ ಅವನು ಬಣ ಬಿಡುತ್ತಾನೆ. ಆದರೂ ಒಂದು ದಂಗೆ ಆಗಲಿ ಎಂದು ಬಿಡುವುದೇ ಜಾಣತನ. ಬಾಡಿಗೆ ಪಡೆಗೆ ಸಾಕಾಗುವಷ್ಟು ಚಿನ್ನ ಮೊದಲೇ ಕೂಡಿಟ್ಟಿರಬೇಕು, ಅಷ್ಟೆ. ಸೋತ ದಂಗೆಕೋರರು ಸೆರೆಗೆ ಬಿದ್ದಮೇಲೆ ಅವರ ಪದವಿಯನ್ನು ಟೈರನಿ ಇಲ್ಲದೆ ಕಿತ್ತುಕೊಳ್ಳಬಹುದು. ಇತಿಹಾಸದಲ್ಲೂ ನಡೆದದ್ದು ಹೆಚ್ಚುಕಡಿಮೆ ಹೀಗೆಯೇ. ಮರ್ಸಿಯಾದ ಎಡ್ವಿನ್, ನಾರ್ಥಂಬ್ರಿಯಾದ ಮಾರ್ಕಾರ್ ಮೊದಲು ಶರಣಾಗಿ ಪದವಿ ಉಳಿಸಿಕೊಂಡವರು. ದಂಗೆಗಳ ಕೊನೆಗೆ, 1071ರಲ್ಲಿ, ಒಬ್ಬ ಕೊಲೆಯಾದ, ಇನ್ನೊಬ್ಬ ಸೆರೆಯಾದ. 1086ರ ಭೂಸರ್ವೆ ಹೊತ್ತಿಗೆ ದೊಡ್ಡ ಇಂಗ್ಲಿಷ್ ಜಮೀನ್ದಾರರು ಬೆರಳೆಣಿಕೆಯಷ್ಟೇ ಉಳಿದಿದ್ದರು. ಗೇಮ್ ಮಾಡಿದವರು ಈ ತರ್ಕವನ್ನು ಇಷ್ಟು ಚೆನ್ನಾಗಿ ಹಿಡಿದಿರುವುದು ನಿಜಕ್ಕೂ ಮೆಚ್ಚುವಂಥದ್ದು.

ಕೊರತೆ ಇರುವುದು ಟ್ಯುಟೋರಿಯಲ್‌ನಲ್ಲಿ. ಅದು ಐರ್ಲೆಂಡಿನ ಪುಟ್ಟ ರಾಜ್ಯದಲ್ಲಿ ಮದುವೆ, ಯುದ್ಧ ಕಲಿಸುತ್ತದೆ. ಮುನಿದ ಸಾಮಂತರಿರುವ ದೊಡ್ಡ ರಾಜ್ಯ ನಿಭಾಯಿಸುವುದನ್ನು ಸೋತು ಸೋತೇ ಕಲಿಯಬೇಕು. ಉತ್ತರಾಧಿಕಾರದ ಪಾಲಿನ ಪೆಟ್ಟೂ ಹಾಗೆಯೇ, ಬಿದ್ದ ಮೇಲೆಯೇ ಅರ್ಥವಾಗುತ್ತದೆ. ರಾಜ ಸತ್ತ ದಿನ ಡಚಿಗಳು (ಹಲವು ಕೌಂಟಿಗಳ ದೊಡ್ಡ ಪ್ರಾಂತ್ಯಗಳು) ಕಿರಿಯ ಮಕ್ಕಳಿಗೆ ಹಂಚಿಹೋಗಿ ಹೊಸ ರಾಜನ ಸೈನ್ಯ ಸೊರಗುತ್ತದೆ, ಬಣಗಳು ಮತ್ತೆ ತಲೆ ಎತ್ತುತ್ತವೆ. ವಿಲಿಯಂಗೆ ವಯಸ್ಸಾಗುವ ಮೊದಲೇ ಉತ್ತರಾಧಿಕಾರದ ಪರದೆ ತೆರೆದು ಯಾರಿಗೆ ಯಾವ ಪಾಲು ಹೋಗುತ್ತದೆಂದು ನೋಡಿಕೊಳ್ಳಿ.

ಇಷ್ಟಕ್ಕೆ ಪ್ರತ್ಯೇಕವಾಗಿ ಕೊಳ್ಳುವ ಹೆಚ್ಚುವರಿ ಭಾಗಗಳಾದ ಡಿಎಲ್‌ಸಿ ಯಾವುದೂ ಬೇಕಿಲ್ಲ, ಮೂಲ ಗೇಮ್ ಸಾಕು.