ಚಿಪ್ ಇರುವ ಕಾರ್ ಕೀ ಕಳೆದು ಹೋದಾಗ: ಶೋರೂಮ್ ಬಿಟ್ಟು ಕೀ ಮಾಡುವವರನ್ನು ಮನೆಗೆ ಕರೆಸಿದ ಅನುಭವ

ನಮ್ಮ ಕಾರಿಗೆ ಎರಡು ಕೀ ಇದ್ದವು. ಒಂದು ಕಳೆಯಿತು. ಮೊದಲ ವಾರ ಎಲ್ಲೋ ಇರುತ್ತೆ ಬಿಡು ಅಂತ ಸುಮ್ನಿದ್ದೆ, ಎರಡನೇ ವಾರ ಇರೋ ಬ್ಯಾಗು, ಡ್ರಾಯರು, ಸೋಫಾದ ಸಂದು ಎಲ್ಲಾ ಜಾಲಾಡಿದೆ, ಮೂರನೇ ವಾರಕ್ಕೆ ಭಯ ಶುರುವಾಯಿತು. ಉಳಿದಿರೋದು ಒಂದೇ ಕೀ. ಅದೂ ಹೋದರೆ ಗಾಡಿ ನಿಂತಲ್ಲೇ ನಿಲ್ಲುತ್ತೆ. ಹಾಗಾಗಿ ಇನ್ನೊಂದು ಮಾಡಿಸಲೇಬೇಕು ಅಂತ ಹೊರಟೆ. ಮೂರು ಕಡೆ ಎಡವಿ ನಾಲ್ಕನೆಯ ಕಡೆ ಕೆಲಸ ಆಯಿತು. ಆ ನಾಲ್ಕನೆಯವರ ಕೆಲಸ ಹೇಗಿತ್ತು ಅಂತ ಹೇಳಬೇಕು, ಆದರೆ ಮೊದಲ ಮೂರೂ ಹೇಳದಿದ್ದರೆ ಅದು ಅರ್ಥ ಆಗಲ್ಲ.

ಮೊದಲು ಹೋಗಿದ್ದು ಮನೆ ಬೀಗಕ್ಕೆಲ್ಲ ಕೀ ಮಾಡುವ ಅಂಗಡಿಗೆ. ಅವರು ಹಳೆ ಕೀ ನೋಡಿದರು, ಹತ್ತು ನಿಮಿಷದಲ್ಲಿ ಅಚ್ಚುಕಟ್ಟಾಗಿ ಕತ್ತರಿಸಿ ಕೊಟ್ಟರು. ಬಾಗಿಲು ತೆಗೆಯಿತು, ಡಿಕ್ಕಿ ತೆಗೆಯಿತು. ಖುಷಿಯಾಗಿ ಸ್ಟಾರ್ಟ್ ಮಾಡಿದೆ. ಇಂಜಿನ್ ಹತ್ತಿಕೊಂಡಿತು, ಎರಡು ಸೆಕೆಂಡ್ ಆಗುವಷ್ಟರಲ್ಲಿ ಆಫ್. ಮತ್ತೆ ತಿರುಗಿಸಿದೆ, ಮತ್ತೆ ಎರಡೇ ಸೆಕೆಂಡ್. ಮೀಟರ್ ಪಕ್ಕದಲ್ಲಿ ಕೀ ಚಿತ್ರದ ಒಂದು ಸಣ್ಣ ದೀಪ ಪಟಪಟ ಮಿನುಗುತ್ತಿತ್ತು. ಇಷ್ಟು ವರ್ಷದಲ್ಲಿ ಆ ದೀಪವನ್ನು ಸರಿಯಾಗಿ ನೋಡಿದ್ದು ಅವತ್ತೇ.

ಆಗ ಗೊತ್ತಾಗಿದ್ದು, ನಮ್ಮ ಕೀಯ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿ ಕಾಳಿಗಿಂತ ತುಸು ದೊಡ್ಡದಾದ ಒಂದು ಚಿಪ್ ಇದೆ ಅಂತ. ಅದರ ಕೆಲಸ ಹೀಗೆ. ಕೀ ಹಾಕುವ ತೂತಿನ ಸುತ್ತ ತಾಮ್ರದ ತಂತಿಯ ಒಂದು ಸುರುಳಿ ಇರುತ್ತೆ. ಕೀ ತಿರುಗಿಸಿದಾಗ ಆ ಸುರುಳಿ ಸುಮಾರು 125 ಕಿಲೋಹರ್ಟ್ಸ್‌ನಲ್ಲಿ ಅಲೆ ಹೊರಡಿಸುತ್ತೆ. ಚಿಪ್‌ಗೆ ಬೇಕಾದ ಕರೆಂಟ್ ಆ ಅಲೆಯಿಂದಲೇ ಸಿಗುತ್ತೆ, ಅದು ತನ್ನ ಗುರುತು ಹೇಳುತ್ತೆ. ಆ ಗುರುತು ಕಾರಿನ ನೆನಪಿನಲ್ಲಿರುವ ಕೀಗಳ ಪಟ್ಟಿಯಲ್ಲಿದ್ದರೆ ಮಾತ್ರ ಕಾರು ಪೆಟ್ರೋಲ್ ಬಿಡುತ್ತೆ, ಇಲ್ಲದಿದ್ದರೆ ನಿಲ್ಲಿಸುತ್ತೆ. ಇದಕ್ಕೇ ಇಮ್ಮೊಬಿಲೈಸರ್ ಅನ್ನೋದು. ಯುರೋಪ್ ಒಕ್ಕೂಟದಲ್ಲಿ 1998ರಿಂದ, ಕೆನಡಾದಲ್ಲಿ 2007ರಿಂದ ಹೊಸ ಕಾರುಗಳಿಗೆ ಇದು ಕಡ್ಡಾಯ. ಕಳ್ಳತನ ತಡೆಯೋಕೆ ಒಳ್ಳೆಯ ಏರ್ಪಾಡು, ಅದರಲ್ಲಿ ಎರಡು ಮಾತಿಲ್ಲ.

ಇಲ್ಲಿ ಬಹಳ ಜನ ಗೊಂದಲ ಮಾಡಿಕೊಳ್ಳುವ ಒಂದು ವಿಷಯ ಇದೆ. ಕೀಯಲ್ಲಿ ಲಾಕ್, ಅನ್‌ಲಾಕ್ ಬಟನ್ ಇರುತ್ತಲ್ಲ, ಅದೂ ಈ ಚಿಪ್ಪೂ ಬೇರೆ ಬೇರೆ. ಬಟನ್‌ಗೆ ಸೆಲ್ ಬೇಕು, ಸಾಮಾನ್ಯವಾಗಿ ಸಿಆರ್2032 ಅನ್ನೋ 3 ವೋಲ್ಟ್‌ನ ಚಪ್ಪಟೆ ಸೆಲ್. ಚಿಪ್‌ಗೆ ಸೆಲ್ ಬೇಡ. ಹಾಗಾಗಿ ತಿರುಗಿಸುವ ಕೀ ಇರುವ ಗಾಡಿಯಲ್ಲಿ ಸೆಲ್ ಸತ್ತು ಬಟನ್ ಕೆಲಸ ಮಾಡದಿದ್ದರೂ ಕಾರು ಸ್ಟಾರ್ಟ್ ಆಗುತ್ತೆ. ಬಟನ್ ನಿಂತ ತಕ್ಷಣ ಹೊಸ ಕೀ ಮಾಡಿಸಲು ಓಡಬೇಡಿ, ಮೊದಲು ಸೆಲ್ ಬದಲಿಸಿ ನೋಡಿ. ನಿಮ್ಮ ಕೀಯಲ್ಲಿ ಚಿಪ್ ಇದೆಯೋ ಇಲ್ಲವೋ ಅನ್ನೋ ಅನುಮಾನ ಇದ್ದರೆ ಕೀಯ ತಲೆಗೆ ಅಲ್ಯೂಮಿನಿಯಂ ಫಾಯಿಲ್ ಬಿಗಿಯಾಗಿ ಎರಡು ಸುತ್ತು ಸುತ್ತಿ ಸ್ಟಾರ್ಟ್ ಮಾಡಿ. ಅಲೆ ಒಳಗೆ ಹೋಗಲ್ಲ. ಚಿಪ್ ಇರುವ ಗಾಡಿಯಾದರೆ ಇಂಜಿನ್ ಹತ್ತುವುದೇ ಇಲ್ಲ, ಇಲ್ಲವೇ ಹತ್ತಿ ಆಫ್ ಆಗುತ್ತೆ.

ಎರಡನೆಯದು ಶೋರೂಮ್. ಯಾವುದು ಅಂತ ಹೆಸರು ಹೇಳಲ್ಲ. ಕೌಂಟರ್‌ನಲ್ಲಿದ್ದವರು ಕೀಯನ್ನು ಕೈಗೆ ತಗೊಂಡು ನೋಡಲೂ ಇಲ್ಲ, ಕಂಪ್ಯೂಟರ್ ನೋಡಿಕೊಂಡು ‘ಪೂರ್ತಿ ಸೆಟ್ ಬದಲಾಯಿಸಬೇಕು ಮೇಡಂ’ ಅಂದರು. ಪೂರ್ತಿ ಸೆಟ್ ಅಂದರೆ ಇಗ್ನಿಷನ್ ಬೀಗ, ಬಾಗಿಲ ಬೀಗ, ಇಮ್ಮೊಬಿಲೈಸರ್ ಪೆಟ್ಟಿಗೆ, ಜೊತೆಗೆ ಎರಡು ಕೀ. ನನ್ನ ಹತ್ತಿರ ಚೆನ್ನಾಗಿ ಕೆಲಸ ಮಾಡುವ ಕೀ ಒಂದಿದೆಯಲ್ಲ, ಬರೀ ಇನ್ನೊಂದು ಸೇರಿಸೋಕಾಗಲ್ವಾ ಅಂತ ಮೂರು ಸಲ ಕೇಳಿದೆ. ಮೂರನೇ ಸಲ ಒಳಗೆ ಹೋಗಿ ಬಂದು, ಆಗುತ್ತೆ, ಕೀ ತರಿಸಬೇಕು, ಮೂರು ವಾರ ಆಗಬಹುದು ಅಂದರು. ಸೆಟ್ ಬೇಕಿಲ್ಲ ಅನ್ನೋದು ಅವರಿಗೆ ಮೊದಲೇ ಗೊತ್ತಿರಬೇಕಿತ್ತು. ಆ ಒಂದು ಕೀಗೆ ಹೇಳಿದ ದರವೂ ಕೊನೆಗೆ ನಾನು ಕೊಟ್ಟಿದ್ದಕ್ಕೆ ಹತ್ತಿರ ಹತ್ತಿರ ನಾಲ್ಕು ಪಟ್ಟು. ಶೋರೂಮ್‌ನಲ್ಲಿ ಕೀ ಮಾಡಿಸೋದು ತಪ್ಪು ಅಂತಲ್ಲ. ಗಾಡಿ ಇನ್ನೂ ವಾರಂಟಿಯಲ್ಲಿದ್ದರೆ ಅಥವಾ ತೀರಾ ಹೊಸ ಮಾದರಿಯಾದರೆ ಅಲ್ಲಿಗೇ ಹೋಗೋದು ಮೇಲು, ಕೆಲವು ಹೊಸ ಗಾಡಿಗಳ ಕೋಡ್ ಕಂಪನಿಯ ಸರ್ವರ್‌ನಿಂದಲೇ ಬರಬೇಕು. ನಮ್ಮದು ಹತ್ತು ವರ್ಷದ ಗಾಡಿ.

ಮೂರನೆಯದರಲ್ಲಿ ತಪ್ಪು ನನ್ನದೂ ಇದೆ. ಆನ್‌ಲೈನ್‌ನಲ್ಲಿ ನಮ್ಮ ಕೀ ಥರವೇ ಕಾಣುವ ಖಾಲಿ ಕೀ, ಅಂದರೆ ಇನ್ನೂ ಕತ್ತರಿಸದ ಕೀ, ಬಹಳ ಅಗ್ಗಕ್ಕೆ ಸಿಕ್ಕಿತು, ಚಿಪ್ ಕೂಡ ಇದೆ ಅಂತ ಬರೆದಿತ್ತು, ತರಿಸಿದೆ. ಚಿಪ್ ಇತ್ತು, ನಮ್ಮ ಗಾಡಿಯದಲ್ಲ. ಚಿಪ್‌ಗಳಲ್ಲಿ ಐಡಿ46, ಐಡಿ48, 4ಡಿ ಅಂತ ಹತ್ತಾರು ಜಾತಿ ಇವೆ, ಒಂದರ ಜಾಗದಲ್ಲಿ ಇನ್ನೊಂದು ನಡೆಯಲ್ಲ. ರಿಮೋಟ್‌ಗೂ ಇದೇ ಮಾತು. ಕೆಲವು ದೇಶದ ಗಾಡಿಗಳು 433 ಮೆಗಾಹರ್ಟ್ಸ್, ಕೆಲವು 315. ಹೊರಗಿಂದ ನೋಡಿದರೆ ಎಲ್ಲಾ ಒಂದೇ ಥರ ಕಪ್ಪು ಪ್ಲಾಸ್ಟಿಕ್. ಬರೀ ಹೊರಗಿನ ಕವಚ ಒಡೆದಿದ್ದರೆ ಮಾತ್ರ ಇಂಥ ಅಗ್ಗದ ಕವಚ ತರಿಸಿ ಒಳಗಿನದೆಲ್ಲ ಬದಲಾಯಿಸಿಕೊಳ್ಳಬಹುದು. ಆಗಲೂ ಹಳೆಯದನ್ನು ಕಸಕ್ಕೆ ಹಾಕುವ ಮುಂಚೆ ಚೆನ್ನಾಗಿ ನೋಡಿ. ಎಷ್ಟೋ ಕೀಗಳಲ್ಲಿ ಆ ಚಿಪ್ ಬಟನ್ ಇರುವ ಹಸಿರು ಬೋರ್ಡ್ ಮೇಲೆ ಇರಲ್ಲ, ಪ್ಲಾಸ್ಟಿಕ್ಕಿನ ಮೂಲೆಯಲ್ಲಿ ಬೇರೆಯಾಗಿ ಸಿಕ್ಕಿಸಿರುತ್ತಾರೆ. ಬೋರ್ಡ್ ತೆಗೆದುಕೊಂಡು ಕವಚ ಎಸೆದರೆ ಚಿಪ್ಪೂ ಹೋಯಿತು.

ಕೊನೆಗೆ ನಮ್ಮ ಮೆಕ್ಯಾನಿಕ್ ಒಬ್ಬರ ನಂಬರ್ ಕೊಟ್ಟರು. ಕಾರಿನ ಕೀ ಮಾತ್ರ ಮಾಡುವವರು, ಗಾಡಿ ಇರುವ ಜಾಗಕ್ಕೇ ಬರುತ್ತಾರೆ. ಫೋನಿನಲ್ಲೇ ನನಗೆ ಅವರ ಮೇಲೆ ನಂಬಿಕೆ ಬಂತು, ಯಾಕಂದರೆ ದರ ಹೇಳುವ ಮುಂಚೆ ಪ್ರಶ್ನೆ ಕೇಳಿದರು. ಯಾವ ಮಾದರಿ, ಯಾವ ವರ್ಷ, ಉಳಿದ ಕೀಯಿಂದ ಗಾಡಿ ಸ್ಟಾರ್ಟ್ ಆಗ್ತಿದೆಯಾ, ಕೀ ಪಕ್ಕದಲ್ಲಿ ಹಲ್ಲು ಇರೋದಾ ಅಥವಾ ಮಧ್ಯದಲ್ಲಿ ಹಾವಿನ ಥರ ಗೆರೆ ಇರೋದಾ, ಹೊಸ ಕಾರಿನ ಜೊತೆ ಕೊಟ್ಟಿದ್ದ ನಂಬರ್ ಇರುವ ಸಣ್ಣ ಲೋಹದ ಬಿಲ್ಲೆ ಇಟ್ಟಿದ್ದೀರಾ. ಆಮೇಲೆ ಒಂದೇ ದರ ಹೇಳಿದರು, ಬಂದು ಹೋಗುವ ಖರ್ಚೂ ಸೇರಿ. ಗಾಡಿಯ ದಾಖಲೆ, ನಿಮ್ಮ ಗುರುತಿನ ಚೀಟಿ ಎರಡೂ ತೆಗೆದಿಟ್ಟಿರಿ, ಅದು ನೋಡದೆ ನಾನು ಗಾಡಿ ಮುಟ್ಟಲ್ಲ ಅಂದರು. ಇದನ್ನು ಕೇಳದವರ ಹತ್ತಿರ ಕೀ ಮಾಡಿಸಬೇಡಿ. ದಾಖಲೆ ಕೇಳದೆ ನಿಮಗೆ ಮಾಡಿಕೊಡುವವರು ನಿಮ್ಮ ಗಾಡಿಗೆ ಇನ್ಯಾರಿಗೋ ಹಾಗೇ ಮಾಡಿಕೊಡಬಹುದು, ಅಲ್ವಾ?

ಬಂದವರು ಮೊದಲು ಕೇಳಿದ್ದು ‘ಕೀ ಹೇಗೆ ಕಳೀತು?’ ಅಂತ. ಅದು ಬರೀ ಮಾತಿಗೆ ಕೇಳಿದ್ದಲ್ಲ ಅಂತ ಆಮೇಲೆ ಗೊತ್ತಾಯಿತು. ಎರಡು ದಾರಿ ಇದೆ ಅಂದರು. ಒಂದು ಕ್ಲೋನ್. ಇರುವ ಕೀಯ ಚಿಪ್‌ನಲ್ಲಿ ಏನಿದೆಯೋ ಅದನ್ನೇ ಹೊಸ ಚಿಪ್‌ಗೆ ನಕಲು ಮಾಡೋದು. ಗಾಡಿಯನ್ನು ಮುಟ್ಟೋದೇ ಬೇಕಿಲ್ಲ, ಗಾಡಿಗೆ ಎರಡೂ ಒಂದೇ ಕೀ. ಕಮ್ಮಿ ಖರ್ಚು, ಕಾಲು ಗಂಟೆ ಕೆಲಸ. ಇನ್ನೊಂದು ಪ್ರೋಗ್ರಾಮಿಂಗ್. ಸ್ಟೇರಿಂಗ್ ಕೆಳಗೆ ಮೆಕ್ಯಾನಿಕ್‌ಗಳು ಗಾಡಿಯ ದೋಷ ನೋಡೋಕೆ ಬಳಸುವ, ಒಬಿಡಿ ಅನ್ನೋ 16 ಪಿನ್ನಿನ ಜಾಗಕ್ಕೆ ಯಂತ್ರ ಸಿಕ್ಕಿಸಿ, ಗಾಡಿಯ ನೆನಪಿನಲ್ಲಿರುವ ಕೀಗಳ ಪಟ್ಟಿಗೆ ಹೊಸ ಕೀಯನ್ನು ಬೇರೆಯಾಗಿ ಸೇರಿಸೋದು. ಇದಕ್ಕೆ ಸ್ವಲ್ಪ ಜಾಸ್ತಿ ಆಗುತ್ತೆ. ಆದರೆ ಹಳೆ ಪಟ್ಟಿ ಅಳಿಸಬಹುದು, ಅಂದರೆ ಕಳೆದ ಕೀಯನ್ನು ಗಾಡಿ ಮರೆಯುವ ಹಾಗೆ ಮಾಡಬಹುದು. ‘ಬಾವಿಗೆ ಬಿದ್ದಿದ್ದರೆ ಕ್ಲೋನ್ ಸಾಕು ಮೇಡಂ. ಎಲ್ಲಿ ಬಿತ್ತು ಅಂತ ಗೊತ್ತಿಲ್ಲ ಅಂದರೆ ಅಳಿಸಿಬಿಡೋಣ’ ಅಂದರು. ಶೋರೂಮ್‌ನಲ್ಲಿ ಒಬ್ಬರೂ ಈ ಮಾತು ಎತ್ತಿರಲಿಲ್ಲ. ನಾನು ಅಳಿಸಿ ಅಂದೆ. ಅಳಿಸಿದರೂ ಆ ಕೀ ಬಾಗಿಲು ತೆಗೆಯುತ್ತೆ, ಬೀಗದ ಹಲ್ಲು ಬದಲಾಗಲ್ಲ, ಸ್ಟಾರ್ಟ್ ಆಗಲ್ಲ ಅಷ್ಟೇ, ಒಳಗೆ ಬೆಲೆಬಾಳುವ ವಸ್ತು ಇಡಬೇಡಿ ಅಂತಲೂ ಹೇಳಿದರು. ತಾವು ಮಾಡುವ ಕೆಲಸದ ಮಿತಿಯನ್ನು ತಾವೇ ಮೊದಲು ಹೇಳಿದ್ದು ನನಗೆ ತುಂಬಾ ಇಷ್ಟವಾಯಿತು.

ಕೆಲಸ ಶುರು ಮಾಡುವ ಮುಂಚೆ ಬ್ಯಾಟರಿ ನೋಡಿದರು. 12.5 ವೋಲ್ಟ್ ಇತ್ತು. ಪ್ರೋಗ್ರಾಮಿಂಗ್ ಮಧ್ಯದಲ್ಲಿ ಕರೆಂಟ್ ಬಿದ್ದರೆ ಇರುವ ಕೀಯೂ ಕೆಲಸ ಮಾಡದ ಹಾಗೆ ಆಗಬಹುದಂತೆ. ಆಮೇಲೆ ಯಂತ್ರ ಸಿಕ್ಕಿಸಿ ಪರದೆಯನ್ನು ನನ್ನ ಕಡೆ ತಿರುಗಿಸಿದರು. ‘ನೋಂದಾಯಿತ ಕೀ: 2.’ ಮೂರು ವಾರ ನಾನು ಹುಡುಕಾಡುತ್ತಿದ್ದ ಕೀಯನ್ನು ಗಾಡಿ ಅಷ್ಟು ದಿನವೂ ತನ್ನದೇ ಅಂತ ಲೆಕ್ಕದಲ್ಲಿ ಇಟ್ಟುಕೊಂಡಿತ್ತು. ಯಾರು ತಂದು ತಿರುಗಿಸಿದ್ದರೂ ಗಾಡಿ ಹೊರಟುಬಿಡುತ್ತಿತ್ತು. ಅದನ್ನು ನೋಡಿದಾಗ ಹೊಟ್ಟೆಯಲ್ಲಿ ಒಂಥರಾ ಆಯಿತು. ಪಟ್ಟಿ ಅಳಿಸಿದರು, ಇದ್ದ ಕೀ ಹಾಕಿ ಸೇರಿಸಿದರು, ಹೊಸದನ್ನು ಹಾಕಿ ಸೇರಿಸಿದರು, ಮತ್ತೆ 2 ಅಂತ ಬಂತು.

ಕೀ ಕತ್ತರಿಸಿದ ರೀತಿಯ ಬಗ್ಗೆ ಒಂದು ಮಾತು. ಮೊದಲ ಅಂಗಡಿಯವರು ನನ್ನ ಹಳೆ ಕೀಯನ್ನು ನೋಡಿಕೊಂಡು ಅದರ ಹಾಗೇ ಕತ್ತರಿಸಿದ್ದರು. ಹತ್ತು ವರ್ಷ ಬಳಸಿ ಸವೆದ ಕೀಯನ್ನು ಹಾಗೆ ನಕಲು ಮಾಡಿದರೆ ಸವೆತವೂ ನಕಲಾಗುತ್ತೆ. ಅದಕ್ಕೇ ಆ ಕೀ ಬಾಗಿಲಲ್ಲಿ ಸ್ವಲ್ಪ ಅಲ್ಲಾಡಿಸಿದರೆ ಮಾತ್ರ ತಿರುಗುತ್ತಿತ್ತು. ಇವರು ಬಿಲ್ಲೆಯ ಮೇಲಿದ್ದ ನಂಬರ್ ಹಾಕಿ, ಕಾರ್ಖಾನೆಯಲ್ಲಿ ಕೀ ಹೇಗಿತ್ತೋ ಆ ಅಳತೆಗೆ ಯಂತ್ರದಲ್ಲಿ ಕತ್ತರಿಸಿದರು. ಹೊಸ ಕೀ ಬೆಣ್ಣೆಗೆ ಹಾಕಿದ ಹಾಗೆ ಹೋಗುತ್ತೆ. ಆ ಬಿಲ್ಲೆಯನ್ನು ಅಪ್ಪ ಗಾಡಿಯ ಕಾಗದದ ಜೊತೆ ಒಂದು ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದರು. ನಿಮ್ಮ ಮನೆಯಲ್ಲೂ ಇದ್ದರೆ ಇವತ್ತೇ ಹುಡುಕಿ, ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಫೋಟೋ ಬೇರೆಯವರಿಗೆ ಕಳಿಸಬೇಡಿ.

ಕಡೆಯಲ್ಲಿ ನನ್ನ ಕೈಯಿಂದಲೇ ಪರೀಕ್ಷೆ ಮಾಡಿಸಿದರು. ಎರಡೂ ಕೀಯಿಂದ ಮೂರು ಮೂರು ಸಲ ಸ್ಟಾರ್ಟ್, ಪ್ರತಿ ಸಲ ಒಂದು ನಿಮಿಷ ಇಂಜಿನ್ ಓಡಬೇಕು, ಎಲ್ಲಾ ಬಾಗಿಲು, ಡಿಕ್ಕಿ. ಅದೆಲ್ಲ ಆದ ಮೇಲೇ ದುಡ್ಡು ತಗೊಂಡರು. ಬಿಲ್ ಕೊಟ್ಟರು, ಕೀಗೆ ಆರು ತಿಂಗಳ ಗ್ಯಾರಂಟಿ ಬರೆದುಕೊಟ್ಟರು. ಬಂದಾಗಿನಿಂದ ಹೊರಡುವವರೆಗೆ ಒಂದು ಗಂಟೆ ಹತ್ತು ನಿಮಿಷ.

ಕೊರತೆಯೂ ಹೇಳಬೇಕು. ರಿಮೋಟ್ ಕಂಪನಿಯದಲ್ಲ, ಬೇರೆಯವರು ಮಾಡಿದ್ದು. ಹಳೆ ಕೀಯಲ್ಲಿ ರಸ್ತೆಯ ಆ ಕಡೆಯಿಂದ ಒತ್ತಿದರೂ ಲಾಕ್ ಆಗುತ್ತಿತ್ತು, ಇದರಲ್ಲಿ ಹತ್ತು ಹೆಜ್ಜೆ ಹತ್ತಿರ ಬರಬೇಕು. ಬಟನ್‌ನ ರಬ್ಬರ್ ಗಟ್ಟಿ, ಅಮ್ಮನ ಬೆರಳಿಗೆ ಒತ್ತೋದು ಕಷ್ಟ. ಕವಚವನ್ನು ಮುಟ್ಟಿದರೇ ಅಗ್ಗದ್ದು ಅಂತ ಗೊತ್ತಾಗುತ್ತೆ. ಅವರ ಹತ್ತಿರ ಬಟನ್ ಇಲ್ಲದ, ಬರೀ ಚಿಪ್ ಇರುವ ಕೀ ಇನ್ನೂ ಕಮ್ಮಿಗೆ ಇತ್ತು. ಮನೆಯಲ್ಲಿ ಆಪತ್ತಿಗೆ ಅಂತ ಇಡೋಕಾದರೆ ಅದೇ ಸಾಕು, ನಾನು ಇನ್ನೊಮ್ಮೆ ಮಾಡಿಸಿದರೆ ಅದನ್ನೇ ತಗೋತೀನಿ.

ಎರಡೂ ಕೀ ಕಳೆದಿದ್ದರೆ ಎಷ್ಟಾಗುತ್ತಿತ್ತು ಅಂತ ಕೇಳಿದೆ. ದುಪ್ಪಟ್ಟಿಗಿಂತ ಜಾಸ್ತಿ ಹೇಳಿದರು, ಕಾರಣವನ್ನೂ ಹೇಳಿದರು. ನಕಲು ಮಾಡೋಕೆ ಏನೂ ಇರಲ್ಲ, ಬಾಗಿಲು ಬೇರೆ ರೀತಿಯಲ್ಲಿ ತೆಗೆಯಬೇಕು, ಕೆಲವು ಗಾಡಿಗಳಲ್ಲಿ ಇಮ್ಮೊಬಿಲೈಸರ್ ಪೆಟ್ಟಿಗೆಯನ್ನೇ ಹೊರಗೆ ತೆಗೆದು ಒಳಗಿನ ನೆನಪಿನ ಚಿಪ್ಪನ್ನು ಓದಬೇಕು. ಹಾಗಾಗಿ ಒಂದು ಕೀ ಕೆಲಸ ಮಾಡುತ್ತಿರುವಾಗಲೇ ಎರಡನೆಯದನ್ನು ಮಾಡಿಸಿಬಿಡಿ, ದುಡ್ಡು ಉಳಿಯುವುದು ಅಲ್ಲೇ. ನಾನು ಮೂರು ವಾರ ತಡ ಮಾಡಿದ್ದು ಸರಿಯಲ್ಲ. ಇನ್ಶೂರೆನ್ಸ್ ಇದ್ದರೆ ಪಾಲಿಸಿಯನ್ನೂ ಒಮ್ಮೆ ಓದಿ, ಕೆಲವದರಲ್ಲಿ ಕೀ ಬದಲಿಗೆ ದುಡ್ಡು ಕೊಡುವ ಅವಕಾಶ ಇರುತ್ತೆ. ನನ್ನ ಪಾಲಿಸಿಯಲ್ಲಿ ಇರಲಿಲ್ಲ.

ಇದೆಲ್ಲ ಆಗಿ ಐದು ತಿಂಗಳ ಮೇಲೆ, ತಮ್ಮ ತನ್ನ ಹಳೆ ಮಳೆ ಜಾಕೆಟ್ ತೆಗೆದ. ಜೇಬಿನ ಹೊಲಿಗೆ ಬಿಟ್ಟು ಕೀ ಒಳಗಿನ ಬಟ್ಟೆಗೆ ಜಾರಿ ಅಂಚಿನಲ್ಲಿ ಕೂತಿತ್ತು. ‘ಅಕ್ಕಾ, ಸಿಕ್ಕಿತು’ ಅಂತ ಓಡಿ ಬಂದ. ಇಬ್ಬರೂ ಕೆಳಗಿಳಿದು ಹೋಗಿ ಹಾಕಿ ನೋಡಿದೆವು. ಬಾಗಿಲು ತೆಗೆಯಿತು. ತಿರುಗಿಸಿದೆ. ಇಂಜಿನ್ ಹತ್ತಿಕೊಂಡು ಎರಡು ಸೆಕೆಂಡಿಗೆ ಆಫ್ ಆಯಿತು, ಕೀ ಚಿತ್ರದ ದೀಪ ಪಟಪಟ ಮಿನುಗಿತು. ಅವರು ಹೇಳಿದ್ದ ಹಾಗೇ. ಮುಂದಿನ ವಾರ ಅವರ ಅಂಗಡಿಗೆ ಮೂರೂ ಕೀ ತಗೊಂಡು ಹೋದೆ, ಹತ್ತು ನಿಮಿಷದಲ್ಲಿ ಅದನ್ನೂ ಪಟ್ಟಿಗೆ ಸೇರಿಸಿಕೊಟ್ಟರು, ತಗೊಂಡಿದ್ದು ಬಹಳ ಕಮ್ಮಿ. ಈಗ ಪರದೆಯಲ್ಲಿ 3 ಅಂತ ಬರುತ್ತೆ, ಮೂರೂ ಎಲ್ಲೆಲ್ಲಿವೆ ಅಂತ ನನಗೆ ಗೊತ್ತು.